ಹಾಲು ಕುಡಿಸಿದ ಮೇಲೆ ಎದೆಯಲ್ಲಿ ಉರಿ, ಮಗುವಿನ ನಾಲಿಗೆ ಬಿಳಿ: ಇದು ಥ್ರಷ್ ಇರಬಹುದಾ?

ನಿದ್ದೆಗಣ್ಣಿನವಳು

ರಾತ್ರಿ ಎರಡೂವರೆ ಗಂಟೆ. ಪುಟ್ಟಿ ಈಗಷ್ಟೇ ಹಾಲು ಕುಡಿದು ಮಲಗಿದಳು. ನಾನು ಮಾತ್ರ ಗೋಡೆಗೆ ಒರಗಿ ಕೂತಿದ್ದೇನೆ. ಬಟ್ಟೆ ತಾಗಿದರೂ ಉರಿ, ಹಾಗಾಗಿ ಮಲಗುವುದಕ್ಕೂ ಆಗುತ್ತಿಲ್ಲ.

ಮಗಳಿಗೆ ಏಳು ವಾರ. ಮೊದಲ ಎರಡು ವಾರ ತೊಟ್ಟು ಒಡೆದು ಅಳುವಷ್ಟು ನೋವಿತ್ತು. ಆಮೇಲೆ ಎಲ್ಲ ಸರಿಹೋಗಿತ್ತು. ಈ ನಡುವೆ ಹೊಲಿಗೆ ಹಾಕಿದ ಜಾಗದಲ್ಲಿ ಸೋಂಕಾಯಿತೆಂದು ಐದು ದಿನ ಆಂಟಿಬಯಾಟಿಕ್ ತೆಗೆದುಕೊಂಡೆ. ಅದು ಮುಗಿದು ಮೂರ್ನಾಲ್ಕು ದಿನಕ್ಕೆ ಇದು ಶುರುವಾಗಿದೆ. ಕುಡಿಯುವಾಗಿನ ನೋವು ಹೇಗೋ ತಡೆಯಬಹುದು. ಕುಡಿದು ಬಿಟ್ಟ ಮೇಲೆ ಮುಕ್ಕಾಲು ಗಂಟೆ ಎದೆಯೊಳಗೆ ಗಾಜಿನ ಚೂರು ಓಡಾಡಿದ ಹಾಗಿರುತ್ತದೆ. ಎರಡೂ ಕಡೆ. ತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದೆ, ಸುತ್ತ ಸಣ್ಣಗೆ ಸಿಪ್ಪೆ ಏಳುತ್ತಿದೆ. ಜ್ವರ ಇಲ್ಲ, ಗಂಟೂ ಇಲ್ಲ.

ಮಗಳ ನಾಲಿಗೆ ಬೆಳ್ಳಗಿದೆ. ಅತ್ತೆ "ಅದು ಬರೀ ಹಾಲಿನ ಪದರ, ಎಲ್ಲ ಮಕ್ಕಳಿಗೂ ಇರುತ್ತೆ" ಎನ್ನುತ್ತಾರೆ. ನನಗೆ ಥ್ರಷ್ ಎನ್ನುವ ಫಂಗಸ್ ಸೋಂಕು ಅನ್ನಿಸುತ್ತಿದೆ. ಹಾಲು ಕುಡಿಸುವುದನ್ನು ನಿಲ್ಲಿಸಬೇಕಾ? ಪಂಪ್ ಮಾಡಿ ಫ್ರೀಜರ್‌ನಲ್ಲಿ ಇಟ್ಟಿರುವ ಹಾಲಿನ ಗತಿ ಏನು?

ಎರಡನೇ ಸುತ್ತು

ಮೊದಲು ಒಂದು ಮಾತು: ನಿಲ್ಲಿಸಬೇಡಿ. ಥ್ರಷ್ ಇದ್ದರೂ ಕುಡಿಸಬಹುದು. ಹಾಲು ಕೆಟ್ಟಿರುವುದಿಲ್ಲ. ಏಕಾಏಕಿ ನಿಲ್ಲಿಸಿದರೆ ಎದೆ ಕಟ್ಟಿಕೊಂಡು ಅದೇ ಇನ್ನೊಂದು ತಲೆನೋವಾಗುತ್ತದೆ.

ನಿಮ್ಮ ಅತ್ತೆ ಹೇಳಿದ್ದನ್ನೂ ತಳ್ಳಿಹಾಕಬೇಡಿ. ನಾಲಿಗೆ ಮಾತ್ರ ಬೆಳ್ಳಗಿದ್ದರೆ ಬಹಳ ಸಲ ಅದು ಹಾಲೇ. ಬೆಳಗ್ಗೆ ಕೈ ತೊಳೆದುಕೊಂಡು, ಒದ್ದೆ ಮಾಡಿದ ಶುಭ್ರ ಬಟ್ಟೆಯನ್ನು ಬೆರಳಿಗೆ ಸುತ್ತಿ ನಾಲಿಗೆಯನ್ನು ಒಮ್ಮೆ ಮೆತ್ತಗೆ ಒರೆಸಿ ನೋಡಿ. ಹಾಲಾದರೆ ಬಂದುಬಿಡುತ್ತದೆ. ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಕೆನ್ನೆಯ ಒಳಭಾಗ, ವಸಡು, ತುಟಿಯ ಒಳಮಗ್ಗುಲು ನೋಡಿ. ಹಾಲು ಅಲ್ಲೆಲ್ಲ ಅಂಟಿಕೊಂಡು ಕೂರುವುದಿಲ್ಲ, ಥ್ರಷ್ ಕೂರುತ್ತದೆ. ಬರಲಿಲ್ಲವೆಂದು ಉಜ್ಜಬೇಡಿ. ನಾನು ಮೊದಲ ಮಗನಿಗೆ ಉಜ್ಜಿ, ಅಡಿಯಲ್ಲಿ ರಕ್ತ ಜಿನುಗಿ, ಅವನ ಜೊತೆ ನಾನೂ ಅತ್ತಿದ್ದೆ.

ರಾತ್ರಿ ಪಾಳಿ

ನಾನು ಹೆರಿಗೆ ವಾರ್ಡ್‌ನಲ್ಲಿ ನರ್ಸ್. ದಿನಾ ತಾಯಂದಿರಿಗೆ ಹಾಲೂಡಿಸುವುದಕ್ಕೆ ಸಹಾಯ ಮಾಡುವುದೇ ನನ್ನ ಕೆಲಸ. ನಿಮ್ಮ ಕತೆ ಥ್ರಷ್‌ಗೆ ಹೊಂದುತ್ತದೆ. ನೋವಿಲ್ಲದೆ ನಡೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಟ್ಟಿದೆ, ಎರಡೂ ಕಡೆ ಇದೆ, ಅದಕ್ಕೆ ಮುಂಚೆ ಆಂಟಿಬಯಾಟಿಕ್ ಆಗಿದೆ. ಕ್ಯಾಂಡಿಡಾ ಎನ್ನುವ ಈ ಫಂಗಸ್ ನಮ್ಮ ಮೈಮೇಲೆ ಹೇಗೂ ಇರುತ್ತದೆ. ಅದನ್ನು ಅದರ ಜಾಗದಲ್ಲಿ ಇಡುವ ಒಳ್ಳೆಯ ಬ್ಯಾಕ್ಟೀರಿಯಾ ಆಂಟಿಬಯಾಟಿಕ್‌ನಿಂದ ಸತ್ತಾಗ ಇದಕ್ಕೆ ಮೈದಾನ ಖಾಲಿ ಸಿಗುತ್ತದೆ.

ಆದರೂ ಒಂದು ತಕರಾರು ಇದೆ. ತೊಟ್ಟು ನೋವೆಂದರೆ ಥ್ರಷ್ ಎಂದು ಹೆಸರಿಟ್ಟು ವಾರಗಟ್ಟಲೆ ಕ್ರೀಮ್ ಹಚ್ಚಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಬಹಳ ಮಂದಿಯ ನಿಜವಾದ ತೊಂದರೆ, ಮಗು ಬಾಯಿ ಹಾಕುವ ರೀತಿಯಲ್ಲಿತ್ತು. ಫಂಗಸ್ ಹಾಲಿನ ನಾಳದೊಳಗೆ ಹೋಗಿ ಅಷ್ಟು ನೋವು ಕೊಡುತ್ತದೆ ಎನ್ನುವುದನ್ನೇ ಒಪ್ಪದ ಡಾಕ್ಟರುಗಳೂ ಇದ್ದಾರೆ. ಹಾಗಾಗಿ ಇಷ್ಟಕ್ಕೆ ಉತ್ತರ ಹೇಳಿ. ಮಗು ಬಿಟ್ಟ ತಕ್ಷಣ ತೊಟ್ಟಿನ ಆಕಾರ ಹೇಗಿರುತ್ತದೆ? ದುಂಡಗಿದೆಯಾ, ಒಂದು ಕಡೆ ಓರೆಯಾಗಿ ಚಪ್ಪಟೆಯಾಗಿದೆಯಾ? ಬಣ್ಣ ಬದಲಾಗುತ್ತದಾ? ಕುಡಿಯುವಾಗ ಟಕ್ ಟಕ್ ಎಂದು ಸದ್ದು ಬರುತ್ತದಾ?

ನಿದ್ದೆಗಣ್ಣಿನವಳು

ಬೆಳಗ್ಗೆ ಟಾರ್ಚ್ ಹಾಕಿ ನೋಡಿದೆ. ಕೆಳತುಟಿಯ ಒಳಗೆ ಮತ್ತು ಎಡಗೆನ್ನೆಯಲ್ಲಿ ಒಡೆದ ಹಾಲಿನ ಚೂರು ಅಂಟಿಸಿದ ಹಾಗೆ ನಾಲ್ಕೈದು ಮಚ್ಚೆ. ಒರೆಸಿದರೆ ಬರಲಿಲ್ಲ. ಕುಡಿಯುವಾಗ ನಡುನಡುವೆ ಬಾಯಿ ಬಿಟ್ಟು ಚೀರುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಡಯಾಪರ್ ಜಾಗ ಕೆಂಪಗಾಗಿದೆ. ಕೆಂಪಿನ ಅಂಚಿನ ಆಚೆಗೂ ಸಣ್ಣ ಸಣ್ಣ ಚುಕ್ಕಿಗಳಿವೆ. ನಾನು ಬಿಸಿಗೆ ಆಗಿರಬೇಕು ಅಂದುಕೊಂಡಿದ್ದೆ.

ಎಡಗಡೆ ತೊಟ್ಟು ದುಂಡಗೇ ಇರುತ್ತದೆ. ಬಲಗಡೆಯದು ಸ್ವಲ್ಪ ಚಪ್ಪಟೆ ಅನ್ನಿಸಿತು, ಸರಿಯಾಗಿ ಹೇಳಲಾರೆ.

ರಾತ್ರಿ ಪಾಳಿ

ಆ ಚುಕ್ಕಿಗಳೇ ದೊಡ್ಡ ಸುಳಿವು. ಬಾಯಿಯ ಕ್ಯಾಂಡಿಡಾ ಹೊಟ್ಟೆ ದಾಟಿ ಡಯಾಪರ್ ಜಾಗದಲ್ಲೂ ಬರಬಹುದು. ಅಲ್ಲಿಗೆ ಸಾಮಾನ್ಯ ರಾಶ್ ಕ್ರೀಮ್ ಸಾಲುವುದಿಲ್ಲ, ಫಂಗಸ್ ಕ್ರೀಮ್ ಬೇಕಾಗುತ್ತದೆ. ಇವತ್ತೇ ತೋರಿಸಿ. ಬಾಯಿ, ಕುಂಡೆ, ನಿಮ್ಮ ಎದೆ ಮೂರನ್ನೂ ತೋರಿಸಿ. ನಿಮಗೆ ಕೆಳಗೆ ತುರಿಕೆ, ಬಿಳಿ ಸ್ರಾವ ಇದ್ದರೆ ಅದನ್ನೂ ನಾಚಿಕೆ ಬಿಟ್ಟು ಹೇಳಿ. ಬಲಗಡೆಯ ಚಪ್ಪಟೆ ವಿಷಯ ಮರೆಯಬೇಡಿ, ಅದಕ್ಕೆ ಆಮೇಲೆ ಬರೋಣ.

ಹೊಸ ಅಪ್ಪ

ಇಲ್ಲಿ ಗಂಡಸರು ಬರೆಯಬಹುದು ಅಲ್ವಾ? ನಮ್ಮ ಮನೆಯಲ್ಲಿ ಇದು ಎರಡು ಸಲ ಬಂತು. ಎರಡನೇ ಸಲ ಬಂದಿದ್ದು ನನ್ನಿಂದ.

ಮೊದಲ ಸಲ ಮಾತ್ರೆ ಮುಲಾಮು ಎಲ್ಲ ಸರಿಯಾಗಿಯೇ ಆಯಿತು. ಆದರೆ ಚೀಪುವ ನಿಪ್ಪಲ್ ಒಂದು ನನ್ನ ಅಂಗಿ ಜೇಬಿನಲ್ಲಿ ಉಳಿದುಬಿಟ್ಟಿತ್ತು. ಮಗು ಅತ್ತಾಗ ಅದನ್ನೇ ತೆಗೆದು ಬಾಯಿಗಿಟ್ಟೆ. ಅದರಿಂದಲೇ ಬಂತೆಂದು ಯಾರೂ ಪ್ರಮಾಣ ಮಾಡಿ ಹೇಳಲಿಲ್ಲ, ಹೆಂಡತಿಯ ಮುಖ ಮಾತ್ರ ಹೇಳಿತು. ಅವತ್ತಿನಿಂದ ಕುದಿಸುವ ಖಾತೆ ನನ್ನದು. ಬಾಟಲಿ ನಿಪ್ಪಲ್, ಪಂಪ್‌ನಲ್ಲಿ ಹಾಲು ತಾಗುವ ಭಾಗಗಳು, ಬಾಯಿಗೆ ಹಾಕುವ ಆಟಿಕೆ, ಕುದಿಸಬಹುದಾದ್ದೆಲ್ಲ ದಿನಕ್ಕೊಮ್ಮೆ 20 ನಿಮಿಷ ಕುದಿಯುವ ನೀರಿನಲ್ಲಿ. ಪಂಪ್‌ನ ರಬ್ಬರ್ ಕೊಳವೆಯನ್ನೂ ಹಾಕಿ ಹಾಳು ಮಾಡಿದೆ, ನೀವು ಕಂಪನಿಯ ಕೈಪಿಡಿ ಓದಿಕೊಳ್ಳಿ. ಬ್ರಾ, ಟವೆಲ್, ಒರೆಸುವ ಬಟ್ಟೆ 60 ಡಿಗ್ರಿ ನೀರಿನಲ್ಲಿ ಒಗೆದು ಪೂರ್ತಿ ಒಣಗಿಸುವುದು. ಒಬ್ಬರ ಟವೆಲ್ ಇನ್ನೊಬ್ಬರು ಮುಟ್ಟುವಂತಿಲ್ಲ. ಡಯಾಪರ್ ಬದಲಿಸಿದ ಮೇಲೆ, ಔಷಧಿ ಹಚ್ಚುವ ಮುಂಚೆ ಮತ್ತು ಆಮೇಲೆ ಸೋಪಿನಲ್ಲಿ ಕೈ.

ಎರಡನೇ ಸುತ್ತು

ಬ್ರೆಸ್ಟ್ ಪ್ಯಾಡ್ ಮರೆತಿರಿ! ಒದ್ದೆ ಪ್ಯಾಡ್ ಇಟ್ಟುಕೊಂಡು ಕೂತರೆ ಫಂಗಸ್‌ಗೆ ಹಬ್ಬ. ಒದ್ದೆಯಾದ ಕೂಡಲೇ ಬದಲಿಸಿ. ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಗಾಳಿಗೆ ಬಿಡುತ್ತಿದ್ದೆ.

ಮಳೆಹನಿ

ನನ್ನ ದೊಡ್ಡಮ್ಮ ಮಗುವಿನ ಬಾಯಿಗೆ ನೇರಳೆ ಬಣ್ಣದ ಆ ಹಳೇ ಔಷಧಿ ಹಚ್ಚು, ಒಂದೇ ದಿನಕ್ಕೆ ಹೋಗುತ್ತದೆ ಎಂದರು. ಇನ್ನೊಬ್ಬರು ಜೇನು ಅಂದರು. ಯಾರಾದರೂ ಮಾಡಿದ್ದೀರಾ?

ಔಷಧಿ ಕೌಂಟರ್

ಫಾರ್ಮಸಿಸ್ಟ್ ನಾನು. ಎರಡೂ ಬೇಡ.

ಜೇನು ಒಂದು ವರ್ಷದೊಳಗಿನ ಮಗುವಿಗೆ ಒಂದು ತೊಟ್ಟೂ ಬೇಡ. ಅದರಲ್ಲಿ ಇರಬಹುದಾದ ಬೀಜಾಣುಗಳು ಸಣ್ಣ ಮಗುವಿನ ಕರುಳಿನಲ್ಲಿ ಬೆಳೆದು ಬಾಟುಲಿಸಂ ತರಬಹುದು. ಮಗುವಿನ ಮೈಕೈ ಶಕ್ತಿಯೇ ಹೋಗುವ ಕಾಯಿಲೆ ಅದು. ತೊಟ್ಟಿಗೆ ಹಚ್ಚಿಕೊಂಡರೂ ಮಗುವಿನ ಬಾಯಿಗೇ ಹೋಗುವುದು.

ನೇರಳೆ ಔಷಧಿ ಎಂದರೆ ಜೆನ್ಷನ್ ವಯಲೆಟ್. ಫಂಗಸ್ ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಸ್ವಲ್ಪ ಗಟ್ಟಿಯಾಗಿದ್ದರೆ ಬಾಯಿಯೊಳಗೆ ಹುಣ್ಣು ಮಾಡುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್ ಅನುಮಾನ ಬಂದ ಮೇಲೆ 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಇದನ್ನು ಬಳಸಬೇಡಿ ಎಂದು ಎಚ್ಚರಿಸಿತು. ಒಳ್ಳೆಯ ಔಷಧಿಗಳು ಇರುವಾಗ ಇದರ ಗೊಡವೆ ಯಾಕೆ?

ಮಗುವಿಗೆ ಸಾಮಾನ್ಯವಾಗಿ ಕೊಡುವುದು ನಿಸ್ಟಾಟಿನ್ ಡ್ರಾಪ್ಸ್. ಒಂದು ಎಂ.ಎಲ್.ನಲ್ಲಿ 1,00,000 ಯೂನಿಟ್ ಇರುತ್ತದೆ, ದಿನಕ್ಕೆ ನಾಲ್ಕು ಸಲ ಒಂದೊಂದು ಎಂ.ಎಲ್. ಬರೆಯುವುದು ರೂಢಿ. ನಿಮ್ಮ ಡಾಕ್ಟರ್ ಬರೆದದ್ದೇ ನಿಮ್ಮ ಲೆಕ್ಕ. ಇದು ರಕ್ತಕ್ಕೆ ಹೋಗಿ ಕೆಲಸ ಮಾಡುವ ಔಷಧಿ ಅಲ್ಲ, ತಾಗಿದ ಜಾಗದಲ್ಲಿ ಮಾತ್ರ ಕೆಲಸ. ಅದಕ್ಕೇ ಹಾಲು ಕುಡಿದ ಮೇಲೆ ಹಾಕಬೇಕು. ಮುಂಚೆ ಹಾಕಿದರೆ ಹಾಲಿನ ಜೊತೆ ತೊಳೆದುಹೋಗುತ್ತದೆ. ಬಾಟಲಿ ಚೆನ್ನಾಗಿ ಅಲುಗಿಸಿ, ಅರ್ಧ ಒಂದು ಕೆನ್ನೆಗೆ, ಅರ್ಧ ಇನ್ನೊಂದು ಕೆನ್ನೆಗೆ. ಮಚ್ಚೆ ಮಾಯವಾದ ಮೇಲೂ ಎರಡು ದಿನ ಮುಂದುವರಿಸಿ.

ಮೈಕೊನಜೋಲ್ ಜೆಲ್ ಕೂಡ ಇದೆ, ಕೆಲವರಿಗೆ ಬೇಗ ವಾಸಿಯಾಗುತ್ತದೆ. ಆದರೆ ಅದು ಅಂಟು. ನಾಲ್ಕು ತಿಂಗಳೊಳಗಿನ ಮಗುವಿಗೆ ಗಂಟಲಿನಲ್ಲಿ ಸಿಕ್ಕಿಕೊಂಡು ಉಸಿರುಕಟ್ಟಬಹುದು. ಪುಟ್ಟಿಗೆ ಏಳೇ ವಾರ. ಅಂಗಡಿಯಲ್ಲಿ ಕೇಳಿ ತಂದು ಹಚ್ಚುವುದು ಬೇಡ. ಡಾಕ್ಟರೇ ಬರೆದರೆ, ಹೇಗೆ ಹಚ್ಚಬೇಕೆಂದು ಅವರಿಂದಲೇ ತೋರಿಸಿಕೊಳ್ಳಿ.

ನಿಮ್ಮ ತೊಟ್ಟಿಗೆ ಮೈಕೊನಜೋಲ್ 2% ಕ್ರೀಮ್. ಪ್ರತಿ ಸಲ ಕುಡಿಸಿದ ಮೇಲೆ ತೆಳ್ಳಗೆ. ಮುಂದಿನ ಸಲಕ್ಕೆ ಮುಂಚೆ ಬೆಳ್ಳಗೆ ಕಾಣುತ್ತಿದ್ದರೆ ಮೆತ್ತಗೆ ಒರೆಸಿ. ಸೋಪು ಹಾಕಿ ತಿಕ್ಕಬೇಡಿ.

ಒಂದು ಅಡ್ಡಮಾತು ಹೇಳಲೇಬೇಕು. ನಿಸ್ಟಾಟಿನ್ ಕಂಡುಹಿಡಿದದ್ದು ಇಬ್ಬರು ಹೆಂಗಸರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್, 1950ರಲ್ಲಿ. ಒಬ್ಬರು ಒಂದು ಊರಿನಲ್ಲಿ, ಇನ್ನೊಬ್ಬರು ಇನ್ನೊಂದು ಊರಿನಲ್ಲಿ. ಮಾದರಿಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ಸ್ನೇಹಿತರ ತೋಟದ ಮಣ್ಣಿನಿಂದ ಸಿಕ್ಕಿದ ಜೀವಾಣು ಇದನ್ನು ಕೊಟ್ಟಿತು. ಇಬ್ಬರೂ ಕೆಲಸ ಮಾಡುತ್ತಿದ್ದದ್ದು ನ್ಯೂಯಾರ್ಕ್ ಸ್ಟೇಟ್ ಆರೋಗ್ಯ ಇಲಾಖೆಯಲ್ಲಿ, ಔಷಧಿಗೆ ಹೆಸರು ಬಂದದ್ದೂ ಅಲ್ಲಿಂದಲೇ. ಬಾಟಲಿ ಅಲುಗಿಸುವಾಗೆಲ್ಲ ನನಗೆ ಆ ಅಂಚೆ ಪೊಟ್ಟಣಗಳು ನೆನಪಾಗುತ್ತವೆ.

ಮಳೆಹನಿ

ಸದ್ಯ, ಕೇಳಿದ್ದು ಒಳ್ಳೇದಾಯಿತು.

ನಿದ್ದೆಗಣ್ಣಿನವಳು (ನಾಲ್ಕನೇ ದಿನ)

ಡಾಕ್ಟರ್ ನೋಡಿ ಥ್ರಷ್ ಹೌದು ಎಂದರು. ಮಗುವಿಗೆ ನಿಸ್ಟಾಟಿನ್, ಕೆಳಗೆ ಹಚ್ಚಲು ಒಂದು ಕ್ರೀಮ್. ನನ್ನನ್ನು ನೋಡಲೇ ಇಲ್ಲ. "ನಿಮಗೇನೂ ಬೇಡ, ಮಗುವಿಗೆ ಹೋದರೆ ನಿಮಗೂ ಹೋಗುತ್ತದೆ" ಎಂದರು. ಪುಟ್ಟಿಯ ಬಾಯಿ ಮೂರು ದಿನದಲ್ಲಿ ಅರ್ಧ ಸರಿಹೋಗಿದೆ. ನನಗೆ ಮಾತ್ರ ಅಷ್ಟೇ ಉರಿ. ನಿನ್ನೆ ಸಂಜೆ ಅವಳು ಹಸಿದು ಬಾಯಿ ತೆರೆದರೆ ನನ್ನ ಭುಜ ತಾನಾಗಿ ಹಿಂದಕ್ಕೆ ಹೋಯಿತು. ಅದು ನನಗೆ ಇಷ್ಟವಾಗಲಿಲ್ಲ.

ಎರಡನೇ ಸುತ್ತು

ಅಯ್ಯೋ, ಆ ಭುಜ ಹಿಂದಕ್ಕೆ ಹೋಗುವುದು ನನಗೆ ಗೊತ್ತು. ನಿಮ್ಮ ತಪ್ಪಲ್ಲ ಕಣ್ರೀ.

ಇಬ್ಬರಿಗೂ ಒಟ್ಟಿಗೆ ಆಗಬೇಕು. ಇಲ್ಲದಿದ್ದರೆ ಅವಳ ಬಾಯಿಂದ ನಿಮಗೆ, ನಿಮ್ಮಿಂದ ಅವಳ ಬಾಯಿಗೆ, ಚೆಂಡಾಟ. ನನಗೆ ಮೊದಲ ಸಲ ಆರು ವಾರ ಹೀಗೇ ಎಳೆದಿತ್ತು. ಎರಡನೇ ಮಗುವಿಗೆ ಬಂದಾಗ ಮೊದಲ ದಿನವೇ ಇಬ್ಬರಿಗೂ ಬರೆಸಿಕೊಂಡೆ.

ರಾತ್ರಿ ಪಾಳಿ

ಅದೇ ಡಾಕ್ಟರಿಗೆ ಫೋನ್ ಮಾಡಿ, ಅಥವಾ ಹೆರಿಗೆ ಮಾಡಿಸಿದ ಡಾಕ್ಟರ ಹತ್ತಿರ ಹೋಗಿ. "ಎರಡೂ ತೊಟ್ಟಿನಲ್ಲಿ ಉರಿ ಇದೆ, ಹೊಳಪಿದೆ, ಸಿಪ್ಪೆ ಏಳುತ್ತಿದೆ, ದಯವಿಟ್ಟು ನೋಡಿ" ಎಂದು ನೇರವಾಗಿ ಕೇಳಿ. ಅನುಮಾನ ಇದ್ದರೆ ತೊಟ್ಟಿನಿಂದ ಸ್ವಾಬ್ ತೆಗೆದು ಫಂಗಸ್ಸಾ ಬ್ಯಾಕ್ಟೀರಿಯಾನಾ ಎಂದು ನೋಡಬಹುದು.

ಅಲ್ಲಿಯವರೆಗೆ: ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಹಾಲೂಡಿಸುವಾಗ ತೆಗೆದುಕೊಳ್ಳಬಹುದು, ನಿಮಗೆ ಹೊಟ್ಟೆಹುಣ್ಣು, ಅಸ್ತಮಾ ಅಂಥದ್ದೇನೂ ಇಲ್ಲದಿದ್ದರೆ. ಕಡಿಮೆ ನೋವಿರುವ ಕಡೆಯಿಂದ ಶುರು ಮಾಡಿ. ತೀರಾ ಆಗದ ಹೊತ್ತಿನಲ್ಲಿ ಕೈಯಿಂದ ಹಿಂಡಿ ಕೊಡಿ, ಹಾಲು ಒಳಗೇ ಉಳಿಯುವುದು ಬೇಡ. ಜ್ವರ ಬಂದು ಎದೆಯ ಒಂದು ಭಾಗ ಕೆಂಪಗೆ ಬಿಸಿಯಾದರೆ ಅದು ಥ್ರಷ್ ಅಲ್ಲ, ಎದೆಬಾವು, ಆವತ್ತೇ ಹೋಗಬೇಕು. ಪುಟ್ಟಿ ಕುಡಿಯುವುದನ್ನೇ ಬಿಟ್ಟರೆ, ಒದ್ದೆ ಡಯಾಪರ್ ಕಡಿಮೆಯಾದರೆ, ಜ್ವರ ಬಂದರೆ ಕಾಯಬೇಡಿ.

ನಿದ್ದೆಗಣ್ಣಿನವಳು (ಹನ್ನೊಂದನೇ ದಿನ)

ಮೈಕೊನಜೋಲ್ ಕ್ರೀಮ್ ಸಿಕ್ಕಿತು. ಹಚ್ಚಲು ಶುರುಮಾಡಿ ಮೂರನೇ ದಿನಕ್ಕೆ ಎಡಗಡೆ ಉರಿ ಇಳಿಯಿತು. ಈಗ ಎಡಗಡೆ ಪೂರ್ತಿ ಸರಿ. ಪುಟ್ಟಿಯ ಬಾಯಿ ಸ್ವಚ್ಛ, ಕುಂಡೆಯೂ ಒಣಗಿದೆ. ಆದರೆ ಬಲಗಡೆ ಹಾಗೇ ಇದೆ! ಡಾಕ್ಟರ್ ಇನ್ನೂ ಒಂದು ವಾರ ನೋಡಿ, ಆಗದಿದ್ದರೆ ಫ್ಲುಕೊನಜೋಲ್ ಮಾತ್ರೆ ಕೊಡುತ್ತೇನೆ ಎಂದಿದ್ದಾರೆ. ಹಾಲು ಜಾಸ್ತಿಯಾಗಲೆಂದು ಹೆರಿಗೆಯಾದಾಗಿನಿಂದ ಡೊಂಪೆರಿಡೋನ್ ತೆಗೆದುಕೊಳ್ಳುತ್ತಿದ್ದೇನೆ, ಅದರ ಜೊತೆ ಪರವಾಗಿಲ್ಲವಾ?

ಔಷಧಿ ಕೌಂಟರ್

ನಿಲ್ಲಿ ನಿಲ್ಲಿ. ಪರವಾಗಿಲ್ಲ ಅನ್ನುವ ಹಾಗಿಲ್ಲ! ಡೊಂಪೆರಿಡೋನ್ ಮತ್ತು ಫ್ಲುಕೊನಜೋಲ್ ಒಟ್ಟಿಗೆ ಹೋಗುವ ಹಾಗಿಲ್ಲ. ಎರಡೂ ಸೇರಿದರೆ ಹೃದಯದ ಬಡಿತದ ಲಯ ತಪ್ಪುವ ಅಪಾಯ ಇದೆ. ಎರಡನ್ನೂ ಒಬ್ಬರೇ ಬರೆದಿರುವುದಿಲ್ಲ, ಅಲ್ಲೇ ಎಡವಟ್ಟಾಗುವುದು. ಈ ಡೊಂಪೆರಿಡೋನ್ ವಿಷಯ ನಾಳೆಯೇ ಡಾಕ್ಟರಿಗೆ ಹೇಳಿ. ನೀವಾಗಿ ಏಕಾಏಕಿ ನಿಲ್ಲಿಸಲೂ ಬೇಡಿ, ಅವರೇ ಹೇಳಲಿ.

ಫ್ಲುಕೊನಜೋಲ್ ಕೆಟ್ಟದ್ದಲ್ಲ. ಹಾಲಿಗೆ ಹೋಗುತ್ತದೆ, ಆದರೆ ಮಕ್ಕಳಿಗೇ ಚಿಕಿತ್ಸೆಗೆ ಕೊಡುವ ಪ್ರಮಾಣಕ್ಕಿಂತ ಕಡಿಮೆ. ಅದೇ ಕಾರಣಕ್ಕೆ, ಅಮ್ಮ ಮಾತ್ರೆ ನುಂಗಿದರೆ ಮಗುವಿನ ಬಾಯಿ ವಾಸಿಯಾಗುವುದಿಲ್ಲ, ಮಗುವಿನ ಔಷಧಿ ಬೇರೆ ಬೇಕೇ ಬೇಕು. ಸಾಮಾನ್ಯವಾಗಿ ಒಂದು ದಿನದ ಮಾತ್ರೆ ಅಲ್ಲ, ಹತ್ತು ಹದಿನಾಲ್ಕು ದಿನ ನಡೆಯುತ್ತದೆ. ಅದಕ್ಕೇ, ಥ್ರಷ್ ಹೌದೋ ಅಲ್ಲವೋ ಎಂದು ಖಾತ್ರಿ ಇಲ್ಲದೆ ಶುರು ಮಾಡುವುದು ನನಗೆ ಹಿಡಿಸುವುದಿಲ್ಲ.

ಅವಳಿ ಅಮ್ಮ

ಬಲಗಡೆ ಮಾತ್ರ ಎಂದಿರಿ. ಕುಡಿದು ಬಿಟ್ಟ ಮೇಲೆ ಆ ತೊಟ್ಟು ಬೆಳ್ಳಗಾಗುತ್ತದಾ? ನನಗೆ ಹೀಗೇ ಆಗಿತ್ತು. ಥ್ರಷ್ ಎಂದು ಎರಡು ಟ್ಯೂಬ್ ಮುಗಿಸಿದೆ. ಒಂದು ದಿನ ಸ್ನಾನ ಮುಗಿಸಿ ತಣ್ಣನೆ ಕೋಣೆಗೆ ಬಂದಾಗ, ಹಾಲೂಡಿಸದೇ ಇದ್ದರೂ ಅದೇ ನೋವು. ನೋಡಿದರೆ ತೊಟ್ಟು ಬಿಳಿ, ಆಮೇಲೆ ನೀಲಿ, ಆಮೇಲೆ ಕೆಂಪು. ರಕ್ತನಾಳ ಬಿಗಿದುಕೊಳ್ಳುವುದಂತೆ, ರೇನೋ ಎಂದು ಕರೆಯುತ್ತಾರೆ. ಶಿಲೀಂಧ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ! ಬಿಸಿ ಬಟ್ಟೆ ಇಟ್ಟರೆ ಆರಾಮ. ನನಗೆ ಕೊನೆಗೆ ನಿಫೆಡಿಪಿನ್ ಎನ್ನುವ ಮಾತ್ರೆ ಕೊಟ್ಟರು.

ರಾತ್ರಿ ಪಾಳಿ

ಬಲಗಡೆಯ ಚಪ್ಪಟೆಗೆ ಈಗ ಬಂದೆವು. ಕೆಟ್ಟ ಹಿಡಿತದಲ್ಲಿ ತೊಟ್ಟು ಮಗುವಿನ ಗಟ್ಟಿ ಅಂಗಳಕ್ಕೆ ಒತ್ತಿಕೊಳ್ಳುತ್ತದೆ, ರಕ್ತ ಓಡುವುದಿಲ್ಲ, ಬಿಟ್ಟಾಗ ಬಿಳಿಚಿಕೊಳ್ಳುತ್ತದೆ. ಬಾಯಿ ನೋಯುತ್ತಿದ್ದ ದಿನಗಳಲ್ಲಿ ಪುಟ್ಟಿ ಆ ಕಡೆ ತುದಿಯಲ್ಲಷ್ಟೇ ಹಿಡಿಯುವುದನ್ನು ಕಲಿತಿರಬಹುದು. ಹಾಲೂಡಿಸುವ ವಿಷಯ ಗೊತ್ತಿರುವವರೊಬ್ಬರು ನೀವು ಬಲಗಡೆ ಕುಡಿಸುವುದನ್ನು ಶುರುವಿನಿಂದ ಕೊನೆಯವರೆಗೆ ಕೂತು ನೋಡಬೇಕು. ಮಗುವಿನ ನಾಲಿಗೆಯ ಕೆಳಗಿನ ಎಳೆ ಬಿಗಿಯಾಗಿದೆಯಾ ಎಂದೂ ನೋಡಲಿ.

ಇದನ್ನು ಓದುತ್ತಿರುವ ಬೇರೆಯವರಿಗೆ: ಒಂದೇ ತೊಟ್ಟಿನಲ್ಲಿ ಹೆಕ್ಕಳಿಕೆ, ಸಿಪ್ಪೆ, ಗಾಯ ಇದ್ದು ಯಾವ ಕ್ರೀಮಿಗೂ ಹೋಗದಿದ್ದರೆ ಸುಮ್ನೆ ಕೂರಬೇಡಿ. ಇಸುಬು ಇರಬಹುದು. ಅಪರೂಪಕ್ಕೆ ಪೇಜೆಟ್ ಎನ್ನುವ ಕ್ಯಾನ್ಸರ್ ಕೂಡ ಹೀಗೇ ಕಾಣುತ್ತದೆ. ಡಾಕ್ಟರ್ ಕಣ್ಣಾರೆ ನೋಡಲಿ.

ನಿದ್ದೆಗಣ್ಣಿನವಳು (ಹದಿನಾರನೇ ದಿನ)

ಹಾಲೂಡಿಸುವ ವಿಷಯ ಗೊತ್ತಿರುವವರ ಹತ್ತಿರ ಹೋಗಿಬಂದೆ. ಅವರು ನಲವತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿದರು. ಬಲಗಡೆಗೆ ಬಂದಾಗ ನಾನು ಬಗ್ಗಿ ಎದೆಯನ್ನು ಅವಳ ಬಾಯಿಗೆ ತುರುಕುತ್ತಿದ್ದೆನಂತೆ. ನೋವಿನ ದಿನಗಳಲ್ಲಿ ಬೇಗ ಮುಗಿಯಲಿ ಎಂದು ಹಾಗೆ ಮಾಡುತ್ತಿದ್ದೆ, ಅದೇ ಅಭ್ಯಾಸವಾಗಿಬಿಟ್ಟಿದೆ. ನನ್ನನ್ನು ಹಿಂದಕ್ಕೆ ಒರಗಿಸಿ, ಪುಟ್ಟಿಯ ಹೊಟ್ಟೆ ನನ್ನ ಹೊಟ್ಟೆಗೆ ತಾಗುವ ಹಾಗೆ ಮಲಗಿಸಿ, ಮೂಗಿನ ಎದುರು ತೊಟ್ಟು ಬರುವಂತೆ ಇಟ್ಟು ಕಾಯಿಸಿದರು. ಅವಳೇ ತಲೆ ಹಿಂದಕ್ಕೆ ಹಾಕಿ ಇಷ್ಟಗಲ ಬಾಯಿ ತೆರೆದಳು. ಗಲ್ಲ ಮೊದಲು ತಾಗಿತು. ಬಿಟ್ಟಾಗ ತೊಟ್ಟು ದುಂಡಗಿತ್ತು, ಬಿಳಿಚಿಕೊಂಡಿರಲಿಲ್ಲ.

ಮನೆಯಲ್ಲಿ ಐದು ಸಲಕ್ಕೆ ಮೂರು ಸಲ ಸರಿ ಬರುತ್ತಿದೆ. ಸರಿ ಬಂದಾಗ ಆಮೇಲೆ ಉರಿ ಇಲ್ಲ. ಮಾತ್ರೆ ಬೇಡ ಎಂದು ಡಾಕ್ಟರೂ ಒಪ್ಪಿದರು, ಕ್ರೀಮ್ ಮಾತ್ರ ಪೂರ್ತಿ ಎರಡು ವಾರ ಮುಗಿಸಲು ಹೇಳಿದ್ದಾರೆ. ಡೊಂಪೆರಿಡೋನ್ ಎಂದ ಕೂಡಲೇ ಅವರು ಪೆನ್ನು ಕೆಳಗಿಟ್ಟು ಮತ್ತೊಮ್ಮೆ ಕೇಳಿದರು. ಔಷಧಿ ಕೌಂಟರ್ ಅವರಿಗೆ ದೊಡ್ಡ ನಮಸ್ಕಾರ. ಅತ್ತೆಗೆ ಈಗ ಟಾರ್ಚ್ ಹಿಡಿದು ಮೊಮ್ಮಗಳ ಬಾಯಿ ನೋಡುವುದೇ ಕೆಲಸ.

ಫ್ರೀಜರ್ ಹಾಲಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಒಂಬತ್ತು ಪೊಟ್ಟಣ ಇವೆ. ಚೆಲ್ಲಲು ಕೈ ಬರುತ್ತಿಲ್ಲ.

ರಾತ್ರಿ ಪಾಳಿ

ಓಹ್, ಮರೆತೇ ಹೋಯಿತು. ಚೆಲ್ಲಬೇಡಿ. ಫ್ರೀಜರ್‌ನಲ್ಲಿಟ್ಟರೆ ಈ ಫಂಗಸ್ ಸಾಯುವುದಿಲ್ಲ, ಅದು ನಿಜ. ಅದಕ್ಕೇ ಉರಿ ಶುರುವಾದ ಮೇಲೆ ತೆಗೆದ ಪೊಟ್ಟಣಗಳನ್ನು ಬೇರೆ ಮಾಡಿ, ಔಷಧಿ ನಡೆಯುತ್ತಿರುವಾಗಲೇ ಕುಡಿಸಿ ಮುಗಿಸಿಬಿಡಿ. ಅದಕ್ಕೂ ಮುಂಚಿನದು ಹಾಗೇ ಇರಲಿ. ದಿನಾಂಕ ಬರೆದಿದ್ದೀರಿ ತಾನೇ?

ನಿದ್ದೆಗಣ್ಣಿನವಳು

ಆರರ ಮೇಲೆ ಬರೆದಿದ್ದೇನೆ. ಇನ್ನು ಮೂರು ಯಜಮಾನರು ಇಟ್ಟದ್ದು. ಅವರನ್ನು ಎಬ್ಬಿಸಿ ಕೇಳುತ್ತೇನೆ.